ಕಂಪೈಲರ್‌ನಿಂದ ಹೊರಬಂದ ಭಾಗ

ಜಪಾನಿನ ಮತ್ಸುಎ ನಿಲ್ದಾಣದ ಬಸ್ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ವೃದ್ಧ ಕಂಪ್ಯೂಟರ್ ಮೇಷ್ಟ್ರೂ ಅವರ ಹಳೆಯ ಶಿಷ್ಯೆಯೂ ನಿಂತಿದ್ದರು.

"ಹಿರೋಸೆ ಮೇಷ್ಟ್ರೇ, ನೀವು ಬರೆದಿದ್ರಲ್ಲ, ಎಕ್ಸ್‌ಎಂಎಲ್ ಕಡತ ಓದೋ ಭಾಗ, ಅದನ್ನ ನಮ್ಮ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್‌ನಿಂದ ತೆಗೀತಿದ್ದಾರೆ," ಎಂದಳು ಅವಳು, ತಲೆ ತಗ್ಗಿಸಿ.

"ತಪ್ಪೇನಾದ್ರೂ ಇತ್ತೇನಮ್ಮಾ ಕಾನಾಯೆ?"

"ಛೇ, ಇಲ್ಲ. ಈಗ ಬಳಸೋರು ಕಮ್ಮಿ. ಬೇರೆ ಕೋಡ್ ಲೈಬ್ರರಿ ಮಾಡಿ ಇಡ್ತಾರೆ, ಬೇಕಾದೋರು ತಮ್ಮ ಪ್ರೋಗ್ರಾಂಗೆ ಸೇರಿಸ್ಕೋಬಹುದು."

"ಅಂದ್ರೆ ನನ್ನ ಹಾಗೆ ಅದಕ್ಕೂ ನಿವೃತ್ತಿ ಅನ್ನು. ಯಾರು ನೋಡ್ಕೋತಾರೆ?"

"ನಾನೇ. ಕೇಳಿ ತಗೊಂಡೆ."

"ಆ ತಲೆನೋವು ನಿನಗ್ಯಾಕೆ?"

"ನಾನು ಕೋಡ್ ಓದೋಕೆ ಕಲಿತಿದ್ದೇ ಅದರಲ್ಲಿ, ಮೇಷ್ಟ್ರೇ."

ಮೇಷ್ಟ್ರು ಕೈಯಲ್ಲಿದ್ದ ಕಿತ್ತಳೆ ಸುಲಿದು ಅರ್ಧ ಅವಳಿಗೆ ಕೊಟ್ಟರು. ಅಷ್ಟರಲ್ಲಿ ಅವರಿಬ್ಬರ ಬಸ್ ಬಂತು.

"ಎಲ್ಲಾದ್ರೂ ಅರ್ಥ ಆಗ್ದಿದ್ರೆ ಫೋನ್ ಮಾಡು," ಎಂದರು ಮೇಷ್ಟ್ರು, ಬಸ್ ಹತ್ತುತ್ತ.

"ಅರ್ಥ ಆದ್ರೂ ಮಾಡ್ತೀನಿ," ಎನ್ನುತ್ತ ಅವರ ಚೀಲ ಎತ್ತಿಕೊಂಡು ಅವಳೂ ಹತ್ತಿದಳು.