ಬೇಗ ಶುರುವಾಗುವ ಮಷೀನು

“ಜಯಸಿಂಹ ತಂದ ಫ್ಲಾಪಿಯಿಂದ್ಲೇ ವೈರಸ್ ಬಂದು ಫೈಲೆಲ್ಲ ಹೋಯ್ತು ಅಂತ ಸಾಹೇಬ್ರು ನಂಬಿದಾರೆ. ನಂಬ್ಲಿ ಬಿಡು, ಸುಮಿತ್ರಾ.”

ಮುಂಬಯಿಯ ಬೈಕುಲ್ಲಾದ ಬಸ್ ಸ್ಟಾಪಿನಲ್ಲಿ ಕನ್ನಡ ಕೇಳಿ ಕೇಶವಮೂರ್ತಿಯ ಕಿವಿ ನೆಟ್ಟಗಾಯಿತು. ಕ್ಯೂನಲ್ಲಿ ಅವನ ಮುಂದೆಯೇ ಇದ್ದರು ಇಬ್ಬರೂ, ಒಂದೇ ಆಫೀಸಿನವರು: ಕನ್ನಡಕದ ಹಿರಿಯರು, ಜೊತೆಗೆ ಕಂಪ್ಯೂಟರ್ ನಡೆಸುವ ಹುಡುಗಿ.

“ಫ್ಲಾಪಿ ಅವರು ದಿನಾ ತರ್ತಿದ್ರು, ತಿರುಮಲೇಶ್ ಸರ್. ಮೊದ್ಲು ಮಷೀನು ಶುರುವಾಗುವಾಗ್ಲೇ ವೈರಸ್ ಹುಡುಕ್ತಿತ್ತು.”

“ಅದಕ್ಕೇ ಚಾ ಕುಡಿದು ಮುಗಿಸಿದ್ರೂ ಶುರುವಾಗ್ತಿರ್ಲಿಲ್ಲ ಅದು.”

“ಬೇಗ ಶುರುವಾಗ್ಲಿ, ವೈರಸ್ ಹುಡುಕು ಅನ್ನೋ ಆ ಲೈನು ಮಷೀನಿಂದ ತೆಗಿ ಅಂದೋರು ನೀವು. ತೆಗೆದೋಳು ನಾನು.”

“ಮೆಲ್ಲಗೆ ಮಾತಾಡು. ಸ್ಪೀಡ್ ಮಾಡಿಸ್ದೆ ಅಂತ ಎಲ್ರ ಮುಂದೆ ನನ್ನ ಹೊಗಳಿದಾರೆ ಸಾಹೇಬ್ರು.”

“ನಾಳೆಯಿಂದ ಬರಬೇಡ ಅಂದ್ರಲ್ಲ ಜಯಸಿಂಹ ಅವರಿಗೆ. ಮಧ್ಯಾಹ್ನ ಡಬ್ಬೀನೇ ಬಿಚ್ಚಲಿಲ್ಲ ಪಾಪ.”

“ನಾಳೆ ನಿನಗೂ ಹಾಗೇ ಅಂದ್ರೆ?”

ಹುಡುಗಿ ಎದುರಿನ ಬಿಲ್ಡಿಂಗಿನ ಕಡೆ ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು.

“ಹತ್ತು ಹತ್ತು, ಸುಮಿತ್ರಾ, ಸೀಟಿದೆ.”

“ನೀವು ಹೋಗಿ, ಸರ್. ಮೇಲೆ ಆಫೀಸಲ್ಲಿ ದೀಪ ಉರೀತಿದೆ, ಸಾಹೇಬ್ರು ಇನ್ನೂ ಇದಾರೆ.”

ಅವಳು ಕ್ಯೂ ಬಿಟ್ಟು, ರಸ್ತೆ ದಾಟಿ, ಎದುರಿನ ಬಿಲ್ಡಿಂಗಿನೊಳಗೆ ಹೋದಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹಿರಿಯರು ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಕಂಡಕ್ಟರ್ ಗಂಟೆ ಹೊಡೆದ.