ಚೆಲುವಿಯ ಮಡಹಾಗಲ ಬಳ್ಳಿ

ಕೇಳ್ರವ್ವ, ಕೇಳ್ರಪ್ಪ, ಎಲೆಅಡಿಕೆ ಆಮೇಲೆ ಹಾಕ್ಕೊಳ್ಳಿ. ಏಳು ಗುಡ್ಡದಾಚೆ ಒಂದು ಊರು. ಅದರ ಹೆಸರು ಗೊತ್ತಿದ್ದವರೆಲ್ಲ ಸತ್ತೋದ್ರು, ಕತೆ ಮಾತ್ರ ಉಳಕೊಂಡಿದೆ.

ಆ ಊರಿಗೆ ಚೆಲುವಿ ಸೊಸೆಯಾಗಿ ಬಂದ್ಲು. ತವರಿಂದ ಚಿನ್ನ ತಂದ್ಲಾ? ಇಲ್ಲ. ಹಸು ತಂದ್ಲಾ? ಇಲ್ಲ. ಮಡಿಲಲ್ಲಿ ಎರಡು ಮಡಹಾಗಲ ಗೆಡ್ಡೆ ತಂದ್ಲು. "ಜೋಡೀಲೇ ಇರ್ಲಿ ಕಣವ್ವ" ಅಂದಿದ್ಲು ಅವಳವ್ವ. ಯಾಕೆ ಅಂತ ಇವಳು ಕೇಳಲಿಲ್ಲ.

ಅವನ್ನ ಹಿತ್ತಲಲ್ಲಿ ನೆಟ್ಟು ಅವಳು ಸಾಕಿದ ಚೆಂದ ಏನಂತ ಹೇಳ್ಲಿ! ಹಳೇ ಗೊಬ್ಬರ ಹಾಕಿದ್ಲು, ಬಿದಿರು ಚಪ್ಪರ ಕಟ್ಟಿದ್ಲು, ಹುಳ ಬಿದ್ರೆ ಬೂದಿ ಎರಚಿದ್ಲು. ಬೇಸಿಗೇಲಿ ಬಳ್ಳಿ ಒಣಗ್ತು. ಸತ್ತೋಯ್ತು ಅಂದ್ರು ಊರವರು. "ಮಲಗೈತೆ, ಗದ್ದಲ ಮಾಡಬ್ಯಾಡಿ" ಅಂದ್ಲು ಇವಳು. ಮೊದಲ ಮಳೆಗೇ ಗೆಡ್ಡೆ ಚಿಗುರಿತು. ಅಂಥ ಕೈ ಅವಳದು!

ಒಂದು ಬಳ್ಳಿಯ ಹೂವಿನ ಬುಡದಲ್ಲಿ ಮುಳ್ಳುಮುಳ್ಳು ಮಿಡಿ. ಇನ್ನೊಂದರಲ್ಲಿ ಬರೀ ಹೂವು. ಅತ್ತೆ ಕಾಳಮ್ಮ ಬಲು ಜಿಪುಣಿ. "ಇದು ದಂಡಪಿಂಡ, ಗೊಬ್ಬರಕ್ಕೆ ಕೇಡು" ಅಂತ ಬರೀ ಹೂವಿನ ಬಳ್ಳೀನ ಗೆಡ್ಡೆ ಸಮೇತ ಕಿತ್ತು ತಿಪ್ಪೆಗೆ ಎಸೆದ್ಲು. ಮಗ ಜವರನನ್ನೂ ಹಂಗೇ, "ಮನೇಲಿದ್ರೆ ಮುದ್ದೆ ದಂಡ" ಅಂತ, ಮದುವೆಯಾದ ತಿಂಗಳಿಗೇ ಗುಡ್ಡದ ಮೇಲಿನ ದನದ ದೊಡ್ಡಿಗೆ ಅಟ್ಟಿದ್ದಳು. ಹಬ್ಬಕ್ಕೆ ಬರೋನು, ಒಬ್ಬಟ್ಟು ತಿನ್ನೋನು, ಸಂಜೆಗೆ ಹೊರಡೋನು.

ಒಂದು ವರ್ಷ, ಮಿಡಿ ಉದುರಿತು. ಎರಡು ವರ್ಷ, ಮಿಡಿ ಉದುರಿತು. ಮೂರನೇ ವರ್ಷವೂ ಉದುರೋಕೆ ಶುರುವಾದಾಗ ಕಾಳಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತ್ಲು.

"ನಿನ್ನ ಬಳ್ಳೀಲಿ ಕಾಯಿಲ್ಲ, ಮಡಿಲಲ್ಲಿ ಕೂಸಿಲ್ಲ. ನಿನ್ನ ಕೈಗುಣವೇ ಬಂಜೆ ಕಣೆ! ಮಾರ್ನಮಿ ಹಬ್ಬದೊಳಗೆ ಬಳ್ಳಿ ಕಾಯಿ ಬಿಡಲಿಲ್ಲ ಅಂದ್ರೆ ತವರಿಗೆ ಹೊರಡು. ನನ್ನ ಮಗನಿಗೆ ಬೇರೆ ಹೆಣ್ಣು ತರ್ತೀನಿ."

ಚೆಲುವಿ ಅತ್ಲಾ? ಅತ್ಲು. ಅಳ್ತಾ ಕೂತ್ಲಾ? ಕೂರಲಿಲ್ಲ. ಕಾಡಿಗೆ ಹೋದ್ಲು. ಒಂದು ಪೊದೆ ಮೇಲೆ ಮಡಹಾಗಲ ಒಂಟಿಯಾಗಿತ್ತು, ಕಾಯಿಲ್ಲ. ಇನ್ನೊಂದು ಪೊದೆ ಮೇಲೂ ಒಂಟಿ, ಕಾಯಿಲ್ಲ. ಮೂರನೇ ಪೊದೆ ಮೇಲೆ ಎರಡು ಬಳ್ಳಿ, ಒಂದು ಮಿಡಿಯದು, ಒಂದು ಬರೀ ಹೂವಿಂದು, ಒಂದಕ್ಕೊಂದು ಹೆಣೆದುಕೊಂಡಿದ್ವು. ಅಬ್ಬಬ್ಬಾ, ಅಲ್ಲಿ ಕಾಯೋ ಕಾಯಿ! ಅವ್ವನ ಮಾತು ಆಗ ಅರ್ಥವಾಯ್ತು.

ಬರೀ ಹೂವಿನ ಬಳ್ಳಿಯೊಂದನ್ನು ಹಸಿಮಣ್ಣಿನ ಸಮೇತ ಅಗೆದು ತಂದು ತನ್ನ ಬಳ್ಳಿ ಪಕ್ಕ ನೆಟ್ಟಳು.

"ಮತ್ತೆ ಅದೇ ದಂಡಪಿಂಡನಾ?" ಅಂದ್ಲು ಅತ್ತೆ.

"ಮಾರ್ನಮಿವರೆಗೂ ಮುಟ್ಟಬ್ಯಾಡಿ ಅತ್ತೆ, ಕೈ ಮುಗೀತೀನಿ."

ಆ ಬಳ್ಳಿ ಹೂವು ಕಿತ್ತು ಮಿಡಿ ಇರೋ ಹೂವಿಗೆ ತಾನೇ ಮುಟ್ಟಿಸಿದ್ಲು, ದಿನಾ, ಬೆಳಕು ಹರಿಯುವಾಗ. ಮಿಡಿ ನಿಂತ್ವು. ಹಬ್ಬದ ಹೊತ್ತಿಗೆ ಚಪ್ಪರ ಕಾಯಿ ಭಾರಕ್ಕೆ ಬಗ್ಗಿತು.

ಕಾಳಮ್ಮ ಮೂರು ಸಲ ಪಲ್ಯ ಹಾಕಿಸ್ಕೊಂಡ್ಲು. "ಏನು ಮಾಟ ಮಾಡ್ದೆ?"

"ಮಾಟ ಎಲ್ಲಿಂದ ಬಂತು ಅತ್ತೆ? ಅದು ಗಂಡು ಬಳ್ಳಿ. ಹೆಣ್ಣು ಬಳ್ಳೀಲಿ ಏನೂ ಕೊರತೆ ಇರ್ಲಿಲ್ಲ. ಪಕ್ಕದಲ್ಲಿದ್ದ ಗಂಡನ್ನ ನೀವೇ ಕಿತ್ತು ದೂರ ಎಸೆದಿದ್ರಿ."

ಹೇಳಿ ಚೆಲುವಿ ಗುಡ್ಡದ ಕಡೆ ನೋಡಿದ್ಲು. ಕಾಳಮ್ಮನೂ ನೋಡಿದ್ಲು.

ಮಾರನೇ ಬೆಳಿಗ್ಗೆ ಕಾಳಮ್ಮ ಕೋಲು ಹಿಡಿದು ತಾನೇ ದೊಡ್ಡಿಗೆ ಹತ್ತಿದ್ಲು. "ಜವರ, ಮನೆಗೆ ನಡಿ ಮಗ. ದನ ನಾನು ಕಾಯ್ತೀನಿ."

ಮುಂದಿನ ಮಾರ್ನಮಿಗೆ ಆ ಚಪ್ಪರದಲ್ಲಿ ಏನು ತೂಗ್ತಿತ್ತು? ಕಾಯೂ ತೂಗ್ತಿತ್ತು, ತೊಟ್ಟಿಲೂ ತೂಗ್ತಿತ್ತು. ಪಲ್ಯ ಅವರು ಉಂಡ್ರು, ಕತೆ ನಾನು ಉಂಡೆ, ಮಿಕ್ಕಿದ್ದು ನಿಮ್ಮ ಎಲೆಗೆ ಬಡಿಸಿದ್ದೀನಿ.