ಗೋಪಮ್ಮ ಏರಿದ ಹರಗೋಲು

ದೀಪ ಸಣ್ಣ ಮಾಡ್ರಿ. ಸಣ್ಣ ದನೀಲೆ ಹೇಳ್ತೀನಿ, ಆಚಿ ಮನ್ಯಾಗ ನಮ್ಮ ಚಿಗವ್ವ ಜಂಬಮ್ಮ ಇನ್ನಾ ಎದ್ದಾಳ. ಇದು ಆಕಿ ಮಗ ಸುಂಕಪ್ಪಗ ಆಗಿದ್ದು.

ಅವ ರಾಯಚೂರಾಗ ಹತ್ತಿ ಬಿಡಿಸೋ ಜಿನ್ನಿನ ಮಿಲ್ಲಿನ್ಯಾಗ ಕೆಲಸಕ್ಕಿದ್ದ. ಅವತ್ತು ಬಸ್ಸು ತಡ ಆತು. ದೇವದುರ್ಗದ ರಸ್ತೆಗೆ ಇಳದು ಒಬ್ಬನೇ ನಡಕೋತ ಬರಾಕತ್ತಿದ್ದ. ಬ್ಯಾಸಗಿ ರಾತ್ರಿ. ಎಲಿ ಅಲಗವಲ್ದು. ದಾರಿ ಹೊಳಿ ದಂಡಿಯ ಆಲದ ಗಿಡ ಹಾದು ಬರ್ತದ. ಅಲ್ಲೇ ಮೊದಲು ಹರಗೋಲು ನಿಲ್ತಿತ್ತು... ಎಪ್ಪತ್ತೆಂಟರ ಶ್ರಾವಣದಾಗ ಮುಳುಗೋತನ.

ಅದನ್ನ ಮೊದಲು ಕೇಳ್ರಿ. ಆಗ ಕೃಷ್ಣಾ ತುಂಬಿ ಹರಿಯಾಕತ್ತಿತ್ತು. ಸುಂಕಪ್ಪನ ಹೆಂಡ್ತಿ ಗೋಪಮ್ಮನ ತವರು ಆಚಿ ದಂಡ್ಯಾಗ. ಆಕಿ ಅವ್ವಗ ಜೀವ ಹೋಗಂಗ ಆಗ್ಯಾದಂತ ಸುದ್ದಿ ಬಂತು. ಹರಗೋಲಿನ್ಯಾಗ ಸಂತಿ ಮಂದಿ, ಚೀಲ, ಆಡು... ಕಾಲಿಡಾಕ ಜಾಗಿಲ್ಲ. ನೀರು ಅಂಚಿಗೆ ಬಂದಿತ್ತು.

"ತುಂಬ್ಯಾದಪಾ, ಇನ್ನ ಹಿಡ್ಯಂಗಿಲ್ಲ" ಅಂದ ಅಂಬಿಗ ಬೂದೆಪ್ಪ.

"ನಾಳಿ ಹೋಗ್ತೀನ್ರಿ" ಅಂದಳು ಗೋಪಮ್ಮ.

ಸುಂಕಪ್ಪ ಕೇಳಲಿಲ್ಲ. "ನಾಳಿತನ ನಿಮ್ಮವ್ವ ಇರ್ತಾಳೇನು? ಬೂದೆಪ್ಪಣ್ಣಾ, ಒಬ್ಬಾಕಿದು ಏನು ಭಾರ, ಕಾಲು ಬೀಳ್ತೀನಿ. ಮುಂದಿನ ಸಾರಿಗೆ ನಾ ಬರ್ತೀನಿ" ಅಂತ ತಾನೇ ರಟ್ಟಿ ಹಿಡದು ಹತ್ತಿಸಿದ.

ನಡು ಹೊಳ್ಯಾಗ ಸುಳಿ ಹಿಡೀತು. ಆಡು ಒದರಿತು. ಅಂಜಿದ ಮಂದಿ ಒಂದೇ ಕಡಿ ಸರದ್ರು... ದಬಕ್! ಮಗುಚಿಬಿತ್ತು. ಸುಂಕಪ್ಪಗ ಈಜು ಬರಂಗಿಲ್ಲ, ಆದ್ರೂ ಹಾರಿದ. ದಂಡ್ಯಾಗಿದ್ದವರು ಕೂದಲಾ ಹಿಡದು ಎಳಕೊಂಡ್ರು. ಬೂದೆಪ್ಪನ ಹೆಣ ಸಿಕ್ತು, ಬ್ಯಾರೆಯವರದೂ ಸಿಕ್ಕವು. ಗೋಪಮ್ಮಂದು ಸಿಗಲಿಲ್ಲ. ಅಲ್ಲಿಂದ ಇವ ಉಂಡ್ರ ಉಂಡ, ಇಲ್ಲಂದ್ರ ಇಲ್ಲ. ಮಾತೇ ಕಡಿಮಿ ಆಗಿಬಿಟ್ವು.

ಈಗ ಆ ರಾತ್ರಿ... ಆಲದ ಗಿಡದ ಬುಡಕ್ಕ ಬಂದಾನ. ಸರ್ರ್... ಸರ್ರ್... ಹರಗೋಲಿನ ಚರ್ಮ ಉಸುಕಿಗೆ ತಿಕ್ಕೋ ಸಪ್ಪಳ. ಆಮ್ಯಾಲೆ ಹುಟ್ಟು ನೀರಿಗೆ ಬೀಳೋದು. ಚಪ್... ಚಪ್... ಬ್ಯಾಸಗ್ಯಾಗ ನೀರು ಎಲ್ಲೋ ನಡುವ ಸಣ್ಣಾಗಿ ಹರೀತಿತ್ತು. ಇಲ್ಲಿ ಬರೇ ಉಸುಕು. ಆ ಉಸುಕಿನ ಮ್ಯಾಲೆ ಹರಗೋಲು ನಿಂತದ! ಒತ್ತೊತ್ತಿ ಕುಂತ ಮಂದಿ. ಯಾರೂ ಉಸುರು ಬಿಡವಲ್ರು. ಅರಿವಿಯಿಂದ ನೀರು ತೊಟ್... ತೊಟ್... ಅಂಚಿನ್ಯಾಗ ಗೋಪಮ್ಮ.

ಬ್ಯಾರೆ ಯಾರಾದ್ರೂ ಆಗಿದ್ರ ಊರ ಕಡಿ ಓಡತಿದ್ರು. ಇವ ಹರಗೋಲಿನ ಕಡಿ ಓಡ್ಯಾನ. ಅಂಚು ಹಿಡದು ಅತ್ತಾನ.

"ಬೂದೆಪ್ಪಣ್ಣಾ, ನನ್ನೂ ಕರಕೊಂಡು ಹೋಗೋ. ಇಲ್ಲಿರಾಕ ಆಗವಲ್ದು ನನಗ."

ಬೂದೆಪ್ಪ ಮಾರಿ ಎತ್ತಲಿಲ್ಲ. "ತುಂಬ್ಯಾದ" ಅಂದ. ಅಷ್ಟೇ.

"ಗೋಪಮ್ಮಾ... ನೀನರ ಹೇಳು ಅವಗ..."

ಆಕಿ ಬಗ್ಗಿ, ಬರೇ ಗಾಳಿಯಂಥ ದನೀಲೆ ಅಂದಳಂತ: "ಜಾಗ ಇಲ್ರಿ... ಮನೀಗೆ ಹೋಗ್ರಿ."

ಅವ ಕೇಳವಲ್ಲ. ಒಂದು ಕಾಲು ಎತ್ತಿ ಒಳಗ ಇಡಾಕ ಹೋದ. ಆಕಿ ಅವನ ಎದಿಗೆ ಅಂಗೈ ಹಚ್ಚಿ ನೂಕಿದಳು. ಉಸುಕಿನ್ಯಾಗ ಅಂಗಾತ ಬಿದ್ದ. ಚಪ್... ಚಪ್... ದೂರ ಆತು.

ನಸುಕಿನ್ಯಾಗ ಅವನ್ನ ನೋಡಿ ನಮ್ಮನ್ನ ಕರದಾವ ಆಚಿ ಓಣಿ ಪೀರಾ ಸಾಬ್. ಹೊತ್ತು ತಂದ್ವಿ. ಮೈ ಸುಡತಿತ್ತು. ಇದಿಷ್ಟೂ ಅವನ ಬಾಯಿಂದ ಕೇಳಿದ್ದು. ಜ್ವರದಾಗ ಬಡಬಡಿಸ್ಯಾನ ಅಂತೀರಿ? ಅನ್ರಿ. ಅವ ಬದುಕಿದ. ಈಗೂ ಜಿನ್ನಿಗೆ ಹೋಗ್ತಾನ.

ಆದ್ರ ಅವತ್ತು ಅವನ ಅಂಗಿ ಬಿಚ್ಚಿ ಕಲ್ಲಿನ ಗ್ವಾಡಿ ಮ್ಯಾಲೆ ಹಾಕಿದಾಕಿ ನಾನ. ಅಂಗಿ ಎಲ್ಲಾ ಕಡಿ ಒಣಗಿತ್ತು, ಎದಿ ಹತ್ರ ಅಷ್ಟ ಒಂದು ಅಂಗೈ ಅಗಲ ಹಸಿ. ನಮ್ಮ ಕಡಿ ಬಿಸಿಲು ನಿಮಗ ಗೊತ್ತದ, ಕೌದಿ ಹಿಂಡಿ ಹಾಕಿದ್ರೂ ಗಳಿಗ್ಯಾಗ ಒಣಗತದ. ಸಂಜಿಗೆ ಹೋಗಿ ಮುಟ್ಟಿ ನೋಡಿದೆ... ಇನ್ನಾ ಹಸಿ ಇತ್ತು. ಖರೇ ಹೇಳ್ತೀನಿ, ಈ ಕೈಲೇ ಮುಟ್ಟೀನಿ. ತಣ್ಣಗಿತ್ತು.